ಬುಧವಾರದ ಪ್ಯಾಸೆಂಜರ್

ಕಥೆ ಬರೆಯುವುದನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ನಮ್ಮ ಅಮೆರಿಕದ ವಿಶ್ವವಿದ್ಯಾಲಯಗಳು ಬಹಳ ಕಾಲದಿಂದ ಉತ್ತರ ಹುಡುಕುತ್ತಿವೆ. ಉತ್ತರ ಸಿಗುವ ಮೊದಲೇ ತರಗತಿಗಳನ್ನು ತೆರೆದು, ಪದವಿಗಳನ್ನು ಹಂಚಿ, ಪಠ್ಯಪುಸ್ತಕಗಳನ್ನೂ ಬರೆದಾಗಿದೆ. ಈ ಇಡೀ ಉದ್ಯೋಗದಲ್ಲಿ ಪ್ರೊಫೆಸರ್ ಐಲಾ ರಾಂಟಾ ಅವರನ್ನು ಎಲ್ಲಿ ಕೂರಿಸಬೇಕು ಎಂಬುದು ಸುಲಭದ ಮಾತಲ್ಲ. ಅವರು ಸಿದ್ಧಾಂತ ಮಂಡಿಸಿದವರಲ್ಲ. ಹೇಗೆ ಬರೆಯಬೇಕೆಂದು ಒಂದು ಸಾಲನ್ನೂ ಅಚ್ಚು ಮಾಡಿಸಿದವರಲ್ಲ. ಅವರ ಹೆಸರಿನಲ್ಲಿರುವುದು ತೆಳ್ಳಗಿನ ಒಂದು ಕಥಾಸಂಕಲನ, ಅದೂ ನಾನು ಹುಟ್ಟುವ ಎಷ್ಟೋ ಮೊದಲು ಬಂದದ್ದು. ಆದರೂ ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ಈ ಪುಟ್ಟ ಗ್ರೇಸ್ ಹಾರ್ಬರ್ ಕಾಲೇಜಿನಲ್ಲಿ ಓದಿ ಹೋದ ಯಾವ ಬರಹಗಾರರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಬರೆಯಲು ಕೂತಾಗ ಎದುರಿಗೆ ಇನ್ನೊಬ್ಬರು ಕೂತಿರುತ್ತಾರೆ, ಅವರು ಎದ್ದು ಹೋಗದಂತೆ ನೋಡಿಕೊಳ್ಳುವುದೇ ಬರವಣಿಗೆ. ಆ ಇನ್ನೊಬ್ಬರು ರಾಂಟಾ ಅವರು. ಓದುವುದನ್ನೇ ತಮ್ಮ ಜೀವಮಾನದ ಕೃತಿಯಾಗಿಸಿಕೊಂಡ ಬೇರೊಬ್ಬ ಲೇಖಕರನ್ನು ನಾನು ಕಂಡಿಲ್ಲ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಗೌರವ ಸಂಪುಟದಲ್ಲಿ ಹಿರಿಯರು ಅನೇಕರು ಬರೆದಿದ್ದಾರೆ. ಅವರಲ್ಲಿ ಕೆಲವರ ಪುಸ್ತಕಗಳನ್ನು ನಾನು ಅಂಗಡಿಯಲ್ಲಿ ಮುಟ್ಟಿ ನೋಡಿದ್ದೇನೆ. ನಾನು ರಾಂಟಾ ಅವರ ಕೊನೆಯ ತಂಡದವನು. ಈ ಮೇ ತಿಂಗಳಲ್ಲಿ ಅವರು ಕಾಲೇಜು ಬಿಡುತ್ತಿದ್ದಾರೆ, ನಾನೂ ಬಿಡುತ್ತಿದ್ದೇನೆ. ನನ್ನನ್ನು ಬರೆಯಲು ಕೇಳಿದವರು ಸಂಪಾದಕರೂ ನನಗೆ ಕವಿತೆಯ ಪಾಠ ಹೇಳಿದವರೂ ಆದ ಆರ್ವಿಲ್ ಬೆಸೆಟ್ ಅವರು. "ದೊಡ್ಡೋರೆಲ್ಲ ಅವಳ ದೊಡ್ಡತನ ಬರೀತಾರೆ. ನೀನು ನಡೆದಿದ್ದು ಬರಿ," ಎಂದರು. ಹಾಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಬುಧವಾರ ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಲೈಬ್ರರಿಯ ಮೇಲಂತಸ್ತಿನಲ್ಲಿ ಅವರ ಕಥಾ ಕಮ್ಮಟ ನಡೆಯುತ್ತಿತ್ತು. ಅಲ್ಲಿನ ಪದ್ಧತಿ ಬೇರೆಲ್ಲೂ ಇಲ್ಲದ್ದು. ಬರೆದವರು ತಮ್ಮ ಕಥೆಯನ್ನು ತಾವೇ ಓದುವಂತಿಲ್ಲ, ಅದರ ಬಗ್ಗೆ ಮಾತೂ ಆಡುವಂತಿಲ್ಲ. ರಾಂಟಾ ಅವರೇ ಅದನ್ನು ಗಟ್ಟಿಯಾಗಿ ಓದುತ್ತಿದ್ದರು, ಏರಿಳಿತವಿಲ್ಲದ ದನಿಯಲ್ಲಿ, ಹಡಗಿನವರಿಗೆ ಗಾಳಿಯ ವೇಗ ಹೇಳುವ ರೇಡಿಯೋದ ಹಾಗೆ. ಯಾವ ಸಾಲಿನಲ್ಲಿ ಅವರ ನಂಬಿಕೆ ತಪ್ಪಿತೋ ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಾಳೆಗಳನ್ನು ಮಗುಚಿ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು, "ಇಲ್ಲಿ ನಾನು ಇಳಿದೆ," ಎನ್ನುತ್ತಿದ್ದರು. ಅಷ್ಟೇ. ಯಾಕೆಂದು ಹೇಳುತ್ತಿರಲಿಲ್ಲ. ಆಮೇಲೆ ಎಲ್ಲರಿಗೂ ಏಲಕ್ಕಿ ಹಾಕಿದ, ನಿಸು ಎಂಬ ಫಿನ್ಲೆಂಡಿನ ಸಿಹಿ ಬ್ರೆಡ್ಡಿನ ಹೋಳು ಬರುತ್ತಿತ್ತು, ಅವರೇ ಬೆಳಿಗ್ಗೆ ಬೇಯಿಸಿ ತಂದದ್ದು. ಎರಡನೇ ಸಾಲಿನಲ್ಲಿ ಅವರನ್ನು ಇಳಿಸಿದವರಿಗೂ, ಏಳನೇ ಪುಟದವರೆಗೆ ಕರೆದೊಯ್ದವರಿಗೂ ಒಂದೇ ಅಳತೆಯ ಹೋಳು.

ಇಳಿದೆ ಎಂಬ ಈ ಮಾತು ಅವರಿಗೆ ಬಂದದ್ದು ಸ್ಕೂಲ್ ಬಸ್ಸಿನಿಂದ. ಓದುವ ದಿನಗಳಲ್ಲಿ ಅವರು ಗಣಿ ಊರುಗಳ ನಡುವೆ ಮಕ್ಕಳ ಹಳದಿ ಬಸ್ಸು ಓಡಿಸುತ್ತಿದ್ದರು. ಮಕ್ಕಳು ಇಳಿಯುವಾಗ ಕಾರಣ ಹೇಳುವುದಿಲ್ಲ, ತಿರುಗಿಯೂ ನೋಡುವುದಿಲ್ಲ, ಬಾಗಿಲು ತೆರೆದರೆ ಇಳಿದು ಹೋಗುತ್ತಾರೆ. ಓದುಗರೂ ಅಷ್ಟೇ ಎಂದು ಮೊದಲ ತರಗತಿಯಲ್ಲಿ ಹೇಳುತ್ತಿದ್ದರು. ಹೀಗಾಗಿ ವಿದ್ಯಾರ್ಥಿಗಳು ಹಿಂದಿನಿಂದ ಅವರಿಗೆ ಇಟ್ಟ ಹೆಸರು ಪ್ಯಾಸೆಂಜರ್. ಯಾವ ತಂಡ ಇಟ್ಟದ್ದೋ ಗೊತ್ತಿಲ್ಲ, ನಾವು ಬರುವ ಹೊತ್ತಿಗೆ ಅದು ಕಟ್ಟಡದಷ್ಟೇ ಹಳೆಯದಾಗಿತ್ತು. ಅವರಿಗೂ ಗೊತ್ತಿತ್ತು. ಒಮ್ಮೆ ಬಾಗಿಲಲ್ಲಿ ನಿಂತಿದ್ದ ನನ್ನ ಸಹಪಾಠಿ ಟಿಯರ್ನಿ ಒಳಗಿದ್ದವರಿಗೆ ಕೇಳಲೆಂದು "ಪ್ಯಾಸೆಂಜರ್ ಬಂದ್ರು, ಪ್ಯಾಸೆಂಜರ್ ಬಂದ್ರು," ಎಂದಾಗ ಅವಳ ಬೆನ್ನ ಹಿಂದೆಯೇ ನಿಂತಿದ್ದ ರಾಂಟಾ ಅವರು, "ಸೀಟ್ ಹಿಡ್ದಿದ್ದೀರಾ ನಂಗೆ?" ಎಂದು ಕೇಳಿ ಒಳಗೆ ಹೋದರು.

ಇನ್ನೊಂದು ಅಭ್ಯಾಸವನ್ನೂ ಇಲ್ಲಿಯೇ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಬುಧವಾರ ಅವರು ಕಮ್ಮಟಕ್ಕೆ ಬಹಳ ಮೊದಲೇ ಬಂದು, ಲೈಬ್ರರಿಯ ಹಿಂದೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಒಳಗೇ ಕೂತಿರುತ್ತಿದ್ದರು. ಮೇಲಿನ ಕಿಟಕಿಯಿಂದ ನೋಡಿದರೆ ಅವರ ತುಟಿಗಳು ಅಲುಗುವುದು ಕಾಣುತ್ತಿತ್ತು. ಪ್ರಾರ್ಥನೆ ಎಂದು ಕೆಲವರು, ಹಾಡು ಎಂದು ಕೆಲವರು. ತಂಗಿಯೊಂದಿಗೆ ಫೋನಿನಲ್ಲಿ ಜಗಳ ಎಂಬುದು ಟಿಯರ್ನಿಯ ವಾದ. ಆರ್ವಿಲ್ ಅವರನ್ನು ಕೇಳಿದರೆ, "ಆ ವಯಸ್ಸಲ್ಲಿ ಹೆಂಗಸು ಕಾರೊಳಗೆ ಏನ್ ಮಾಡ್ತಾಳೆ ಅಂತ ವಿಚಾರಿಸೋಕೆ ನಂಗೆ ಧೈರ್ಯ ಇಲ್ಲ," ಎಂದಿದ್ದರು.

ನಾನು ಮೊದಲ ವರ್ಷ ಬಂದಾಗ ನನ್ನ ತಲೆಯಲ್ಲಿದ್ದದ್ದೆಲ್ಲ ಅನುವಾದಿತ ಕಾದಂಬರಿಗಳು. ನಮ್ಮೂರಿನ ಸಾರ್ವಜನಿಕ ಲೈಬ್ರರಿಯಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟುಹೋದ ಒಂದು ಕಪಾಟು ತುಂಬ ದೂರದ ದೇಶಗಳ ಪುಸ್ತಕಗಳಿದ್ದವು. ಹೈಸ್ಕೂಲಿನ ಚಳಿಗಾಲಗಳನ್ನು ನಾನು ಅದರೊಳಗೆ ಕಳೆದಿದ್ದೆ. ಸಹಜವಾಗಿಯೇ ನನ್ನ ಮೊದಲ ಕಥೆ ಹೆಸರಿಲ್ಲದ ಒಂದು ನಗರದಲ್ಲಿ, ಹೆಸರಿಲ್ಲದ ಒಬ್ಬ ಗುಮಾಸ್ತನ ಬಗ್ಗೆ ಇತ್ತು. ಅವನು ಮೊದಲ ವಾಕ್ಯದಲ್ಲಿ ಏಳುತ್ತಾನೆ, ಎರಡನೆಯದರಲ್ಲಿ ಕೋಟು ತೊಡುತ್ತಾನೆ, ಮೂರನೆಯದರಲ್ಲಿ ಟ್ರಾಮ್ ಹತ್ತುತ್ತಾನೆ. ರಾಂಟಾ ಅವರು ಹಾಳೆ ಮಗುಚಿದರು.

"ಇಲ್ಲಿ ನಾನು ಇಳಿದೆ," ಎಂದು, ಅಪರೂಪಕ್ಕೆ ಒಂದು ಪ್ರಶ್ನೆ ಕೇಳಿದರು. "ರೋವನ್, ನೀನು ಟ್ರಾಮ್ ಹತ್ತಿದ್ದೀಯಾ?"

"ಇಲ್ಲ ಪ್ರೊಫೆಸರ್."

"ಅವನೂ ಹತ್ತಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ, ಬ್ರೆಡ್ ತಿಂದೆ. ರೂಮಿಗೆ ಹೋದ ಮೇಲೆ ಮಾತ್ರ ಒಂದು ವಿಚಾರ ಹೊಳೆಯಿತು. ಮೂರು ವಾಕ್ಯಗಳನ್ನು ಯಾರಾದರೂ ಅಷ್ಟು ಗಮನದಿಂದ ಓದಲು ಸಾಧ್ಯವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಗುಮಾಸ್ತ ಟ್ರಾಮಿನ ಮೆಟ್ಟಿಲಿನ ಮೇಲೆ ಇಟ್ಟ ಕಾಲನ್ನು ಅವರು ನೋಡಲು ಹೋಗಿದ್ದರು, ಅಲ್ಲಿ ಕಾಲು ಇರಲಿಲ್ಲ.

ಅವರ ಉಪಕಾರಗಳು ಉಪಕಾರದ ಹಾಗೆ ಕಾಣುತ್ತಿರಲಿಲ್ಲ. ಟ್ರಾಮಿನ ಪ್ರಸಂಗದ ಮುಂದಿನ ವಾರ, ನಾನು ಅಷ್ಟು ಹಚ್ಚಿಕೊಂಡಿದ್ದ ಕಾದಂಬರಿ ಯಾವುದೆಂದು ಕೇಳಿ, ಪುಸ್ತಕ ಎರವಲು ಪಡೆದು, ಓದಿ ಹಿಂತಿರುಗಿಸಿದರು. ಒಳಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಅನುವಾದಕಿಯ ಹೆಸರಿನ ಕೆಳಗೆ ಪೆನ್ಸಿಲಿನ ಗೆರೆ ಎಳೆದಿದ್ದರು. "ನೀನು ಪ್ರೀತಿಸ್ತಾ ಇರೋದು ಅರ್ಧ ಈಯಮ್ಮನ್ನ. ಕಾದಂಬರಿ ಬರೆದ ಆಯಪ್ಪ ಒಬ್ಬನೇ ಅಂದ್ಕೊಂಡಿದ್ದೀಯ," ಎಂದರು. ಅಂದಿನಿಂದ ನಾನು ಮೊದಲು ಆ ಸಣ್ಣಕ್ಷರವನ್ನು ಓದುತ್ತೇನೆ. ಟ್ರಾಮು ಬೇಡವೆಂದ ಅವರು ಆ ಕಪಾಟು ಬೇಡವೆಂದು ಒಮ್ಮೆಯೂ ಹೇಳಲಿಲ್ಲ ಎಂಬುದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಎರಡನೆಯ ವರ್ಷದ ಚಳಿಗಾಲದಲ್ಲಿ ನಾನು ಕಮ್ಮಟಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಕಾಯಿಲೆಯೇನಲ್ಲ, ಬರೆಯಲು ಆಗುತ್ತಿರಲಿಲ್ಲ, ಬರೆಯಲಾಗದವನು ಅಲ್ಲಿ ಕೂತು ಬ್ರೆಡ್ ತಿನ್ನುವುದು ಸರಿಯಲ್ಲ ಎಂದುಕೊಂಡು ಊರಿಗೆ ಹೋಗಿ ಮಲಗಿದ್ದೆ. ರಾಂಟಾ ಅವರು ಮನೆಗೆ ಫೋನ್ ಮಾಡಿದರು. ಎತ್ತಿದವರು ಅಮ್ಮ. ನನ್ನ ಅಮ್ಮ ನಮ್ಮೂರಿನ ಹೊರಗಿರುವ ಜೈಲಿನಲ್ಲಿ ಕಾವಲು ಅಧಿಕಾರಿ. ಮಾತು ಕಡಿಮೆ, ಫೋನಿನಲ್ಲಿ ಇನ್ನೂ ಕಡಿಮೆ. ಅಂಥವರು ಅಡುಗೆಮನೆಯ ಗೋಡೆಗೆ ಒರಗಿ ಬಹಳ ಹೊತ್ತು ಮಾತಾಡಿದರು. ಚಳಿಗೆ ಹಿಟ್ಟು ಉಬ್ಬದಿದ್ದರೆ ಒಲೆಯ ಮೇಲೆ ಎಷ್ಟು ಹೊತ್ತು ಇಡಬೇಕು ಎಂಬಂಥ ಮಾತು. ನನ್ನ ಹೆಸರು ಬಂದದ್ದು ಕೊನೆಯಲ್ಲಿ, ಒಮ್ಮೆ.

"ನಿಮ್ಮ ಪ್ರೊಫೆಸರ್ ಫೋನ್ ಮಾಡಿದ್ರು," ಎಂದು ಅಮ್ಮ ನನ್ನ ಬಾಗಿಲಿಗೆ ಬಂದು ಹೇಳಿದರು. "ಹಾಜರಿ ತಗೊಳ್ಳೋಕೆ ಮಾಡಿದ್ದಲ್ಲ. ಹಾಜರಿ ತಗೊಳ್ಳೋರ ದನಿ ನಂಗೆ ಗೊತ್ತು. ಬುಧವಾರ ಹೋಗು."

ಹೋದೆ. ಯಾರೂ ಏನೂ ಕೇಳಲಿಲ್ಲ. ರಾಂಟಾ ಅವರು ನನ್ನ ಮುಂದೆ ಎಂದಿನ ಹೋಳು ಇಟ್ಟು ಟಿಯರ್ನಿಯ ಕಥೆ ಓದಲು ಶುರು ಮಾಡಿದರು, ಮೂರನೇ ಪುಟದಲ್ಲಿ ಇಳಿದರು.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಕೊನೆಯ ವರ್ಷ ಶುರುವಾದಾಗ ಅವರು ನಿವೃತ್ತಿಯ ಸುದ್ದಿ ಹೇಳಿದರು. ನಾನು ಮನಸ್ಸಿನಲ್ಲೇ ಒಂದು ಪಣ ತೊಟ್ಟೆ. ಬರವಣಿಗೆಯ ಪದವಿಗೆ ನಾವು ಏಪ್ರಿಲ್ ಮುಗಿಯುವುದರೊಳಗೆ ಒಂದು ಕೃತಿ ಒಪ್ಪಿಸಬೇಕು, ಇಬ್ಬರು ಅಧ್ಯಾಪಕರು ಅದಕ್ಕೆ ಸಹಿ ಹಾಕಬೇಕು. ನನಗೆ ಆ ಇಬ್ಬರು ರಾಂಟಾ ಮತ್ತು ಆರ್ವಿಲ್. ಸಹಿಯ ಚಿಂತೆ ನನಗೆ ಅಷ್ಟಿರಲಿಲ್ಲ. ಅವರು ಕಾಲೇಜು ಬಿಡುವ ಮೊದಲು ನನ್ನ ಒಂದೇ ಒಂದು ಕಥೆಯನ್ನಾದರೂ ಇಳಿಯದೆ ಕೊನೆಯವರೆಗೆ ಓದಬೇಕು. ಆಮೇಲೆ ಓದುವವರು ಸಿಗಬಹುದು, ಅವರು ಸಿಗುವುದಿಲ್ಲ. ಆ ಮೂರು ವರ್ಷಗಳಲ್ಲಿ ನನ್ನ ಯಾವ ಕಥೆಯೂ ಅವರನ್ನು ಅರ್ಧ ದಾರಿಗಿಂತ ಮುಂದೆ ಕರೆದುಕೊಂಡು ಹೋಗಿರಲಿಲ್ಲ.

ಆಗ ನಾನು ಮಾಡಿದ್ದನ್ನು ನಮ್ಮ ಕಮ್ಮಟದ ಮಂದಿ ಮಾತ್ರ ಮಾಡಲು ಸಾಧ್ಯ. ಅವರು ಯಾವ ಯಾವ ಸಾಲಿನಲ್ಲಿ ಇಳಿದಿದ್ದರು ಎಂಬುದೆಲ್ಲ ನಮಗೆ ಬಾಯಿಪಾಠ. ಹೋಲಿಕೆ ಬಂದರೆ ಇಳಿಯುತ್ತಾರೆ. ಪಾತ್ರ ಕನ್ನಡಿ ನೋಡಿಕೊಂಡರೆ ಇಳಿಯುತ್ತಾರೆ. ಮಳೆಯಲ್ಲಿ ಯಾರಾದರೂ ಅತ್ತರೆ ಖಂಡಿತ ಇಳಿಯುತ್ತಾರೆ. ಇಳಿಯಲು ಒಂದೂ ನಿಲ್ದಾಣವಿಲ್ಲದ ಕಥೆಯನ್ನು ನಾನು ಕಟ್ಟಿದೆ. ರಾಂಟಾ ಅವರ ಹಾಗೆಯೇ ಫಿನ್ಲೆಂಡಿನಿಂದ ಬಂದ ಮನೆತನದ ಒಬ್ಬ ವಿಧವೆ, ಸರೋವರದ ದಂಡೆ, ಬಿಸಿ ಉಗಿಯ ಸ್ನಾನದ ಸೌನಾ ಕಾಯಿಸಲು ಸೌದೆ ಜೋಡಿಸುವ ಅವಳ ಕೈ, ಒಂದು ಮಾತೂ ಹೆಚ್ಚಿಲ್ಲ. ಡಿಸೆಂಬರಿನ ಒಂದು ಬುಧವಾರ ರಾಂಟಾ ಅವರು ಅದನ್ನು ಕೈಗೆ ತೆಗೆದುಕೊಂಡರು. ಆಗಲೇ ಅವರ ದನಿ ಸ್ವಲ್ಪ ಒಡೆದಿತ್ತು, ನೆಗಡಿ ಎಂದುಕೊಂಡಿದ್ದೆವು. ಒಂದು ಪುಟ ಹೋಯಿತು, ಎರಡು ಹೋಯಿತು. ಅರ್ಧ ದಾರಿ ದಾಟಿತು. ಟಿಯರ್ನಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕೊನೆಯ ವಾಕ್ಯ ಓದಿ ಅವರು ಹಾಳೆಗಳನ್ನು ಮಗುಚದೆ ಹಾಗೆಯೇ ಇಟ್ಟರು. ಕನ್ನಡಕ ತೆಗೆಯಲಿಲ್ಲ.

"ಕೊನೇವರೆಗೂ ಬಂದೆ," ಎಂದರು. "ಎಲ್ಲೂ ಇಳೀಲಿಲ್ಲ. ಯಾಕಂದ್ರೆ ನಾನು ಹತ್ತೇ ಇರಲಿಲ್ಲ."

ಯಾರೂ ನಗಲಿಲ್ಲ. ಬ್ರೆಡ್ ಬಂತು. ನನಗೆ ಕೊಟ್ಟ ಹೋಳು ಎಂದಿನ ಅಳತೆಯದೇ ಇತ್ತು.

ಕಮ್ಮಟ ಮುಗಿದ ಮೇಲೆ ಆರ್ವಿಲ್ ಅವರು ಕಾರಿಡಾರಿನಲ್ಲಿ ಸಿಕ್ಕರು. ಅವರಿಗೆ ಸುದ್ದಿ ಮುಟ್ಟಿತ್ತು. "ಲೇ, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ? ನಾನು ಓದಿದ್ದೀನಿ ಅದನ್ನ. ಪದವಿಗೆ ಸಾಕು, ಸಾಕಾಗಿ ಮಿಗುತ್ತೆ. ನಾಳೆ ತಂದ್ರೆ ನಾಳೆ ಸಹಿ," ಎಂದರು. ಹಿಂದಿನಿಂದ ಬಂದ ರಾಂಟಾ ಅವರೂ, "ನಾನೂ ಹಾಕ್ತೀನಿ. ಕಥೇಲಿ ತಪ್ಪಿಲ್ಲ," ಎಂದು ಕೋಟು ಹಾಕಿಕೊಳ್ಳತೊಡಗಿದರು. ಆಮೇಲೆ, "ಕಾರ್ ತನಕ ಬಾ, ಹಿಮ ಜಾರುತ್ತೆ, ಕೈ ಹಿಡ್ಕೋ," ಎಂದರು. ಅಂಥ ಹಿಮದಲ್ಲಿ ಅವರು ಜಾರಿದ್ದನ್ನು ನಾನು ಎಂದೂ ನೋಡಿಲ್ಲ. ಜಾರುತ್ತಿದ್ದವನು ನಾನು.

"ನಿಮ್ಮನೇಲಿ ರಾತ್ರಿ ಊಟ ಆದ್ಮೇಲೆ ಏನ್ ನಡೆಯುತ್ತೆ?" ಎಂದು ದಾರಿಯಲ್ಲಿ ಕೇಳಿದರು.

"ಏನಿಲ್ಲ. ಅಮ್ಮ ಚಮಚ ಎಣಿಸ್ತಾರೆ. ಆಮೇಲೆ ಏಳ್ತೀವಿ. ಅಪ್ಪ ಪಾತ್ರೆ ತೊಳೀತಾರೆ."

ಅವರು ನಿಂತರು. "ಚಮಚ ಎಣಿಸ್ತಾರಾ?"

"ಚಮಚ, ಫೋರ್ಕು, ಚಾಕು. ಜೈಲಲ್ಲಿ ಹಂಗೆ ಅಂತೆ, ಊಟ ಆದ್ಮೇಲೆ ಎಣಿಸದೆ ಯಾರನ್ನೂ ಏಳಿಸಲ್ಲ. ಅಭ್ಯಾಸ ಆಗೋಗಿದೆ. ಲೆಕ್ಕ ಸರಿ ಬರೋ ತನಕ ನಾವ್ಯಾರೂ ಏಳಲ್ಲ. ಅದೇನೂ ಅಲ್ಲ, ಪ್ರೊಫೆಸರ್."

ಅವರು ಕಾರಿನ ಬಾಗಿಲು ತೆರೆದು ಒಳಗೆ ಕೂತು, ಗಾಜು ಇಳಿಸಿದರು. "ಸೌದೆ, ಸೌನಾ, ಮುದುಕಿ. ನೀನು ನಮ್ಮನೆಗೆ ಬಂದು ಕಥೆ ಹುಡುಕಿದ್ದೀಯ, ರೋವನ್. ನಮ್ಮನೇಲಿ ನಾನು ಹುಡುಕಿ ಆಗಿದೆ," ಎಂದು ಗಾಜು ಏರಿಸಿದರು.

ಮರುದಿನ ನಾನು ಆರ್ವಿಲ್ ಅವರ ಹತ್ತಿರ ಕಥೆ ಒಯ್ಯಲಿಲ್ಲ. ಸಹಿ ಆಗಿ ಪದವಿ ಕೈಗೆ ಬರುತ್ತಿದ್ದ ಆ ಕಥೆಯನ್ನು ಪಕ್ಕಕ್ಕಿಟ್ಟು, ಏಪ್ರಿಲ್ ಒಳಗೆ ಹೊಸತನ್ನು ಬರೆಯುತ್ತೇನೆ ಎಂದೆ. ಆಗದಿದ್ದರೆ ಇನ್ನೊಂದು ವರ್ಷ ಕೂರಬೇಕು, ಆಗ ಓದಲು ರಾಂಟಾ ಅವರು ಇರುವುದಿಲ್ಲ. ಆರ್ವಿಲ್ ಅವರು ಗಡ್ಡ ಕೆರೆದುಕೊಂಡರು. "ನನ್ನ ಕಾಲದಲ್ಲಿ ಹುಡುಗ್ರು ಪದವಿ ಸಿಗಲ್ಲ ಅಂತ ಅಳ್ತಿದ್ರು. ನೀವು ಸಿಗುತ್ತೆ ಅಂತ ಅಳ್ತೀರಿ," ಎಂದು, ಜನವರಿಯಿಂದ ತಮ್ಮ ಕೋಣೆಯ ಬೀಗದ ಕೈಯನ್ನೇ ನನಗೆ ಕೊಟ್ಟರು. ಅವರ ಕೋಣೆ ಬಾಯ್ಲರಿನ ಮೇಲೆ ಇದೆ, ಕಟ್ಟಡದಲ್ಲಿ ಅದೊಂದೇ ಬೆಚ್ಚಗಿರುವ ಜಾಗ. ನಾನು ಬರೆಯುವ ಹೊತ್ತಿಗೆ ಅವರು ಕ್ಯಾಂಟೀನಿನಲ್ಲಿ ಕೂತು ವಿದ್ಯಾರ್ಥಿಗಳ ಕವಿತೆ ತಿದ್ದುತ್ತಿದ್ದರು, ಕೋಟು ಬಿಚ್ಚದೆ.

ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ, ಚಮಚ ಎಣಿಸುವುದರ ಬಗ್ಗೆ ಬರೆಯಲೇ ಎಂದು ಅಮ್ಮನನ್ನು ಕೇಳಿದೆ. ಜೈಲಿನ ಮಾತು ಮನೆಯೊಳಗೆ ಬರಬಾರದು ಎಂಬುದು ಅವರದೇ ನಿಯಮ. ಚಮಚದ ಬಗ್ಗೆ ನಾವು ಯಾರೂ ಯಾವತ್ತೂ ಮಾತೆತ್ತಿದವರಲ್ಲ. ಅವರು ಪಾಸ್ಟಿ ಎಂಬ ಹೂರಣದ ಕಡುಬಿಗೆ ಟರ್ನಿಪ್ ಹೆಚ್ಚುತ್ತಿದ್ದರು. ಹೆಚ್ಚುವುದನ್ನು ನಿಲ್ಲಿಸದೆ, "ಆ ಬ್ರೆಡ್ ಪ್ರೊಫೆಸರ್ ಕೇಳಿದ್ರಾ?" ಎಂದರು.

"ಅವರು ಕೇಳಿಲ್ಲ. ನಾನೇ."

"ಬರಿ," ಎಂದರು, ಹೆಚ್ಚಿದ್ದನ್ನು ಬಟ್ಟಲಿಗೆ ಸುರಿದು. "ಆದ್ರೆ ನನ್ನನ್ನ ಪಾಪ ಅನ್ನಿಸ್ಬೇಡ."

ಕಥೆ ಬರೆಯುವ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಕಷ್ಟದ ಮಾತಿಲ್ಲ. ಚಳಿಗಾಲವೆಲ್ಲ ಅದರೊಂದಿಗೆ ಗುದ್ದಾಡಿದೆ.

ಅಷ್ಟರಲ್ಲಿ ನೆಗಡಿ ನೆಗಡಿಯಲ್ಲವೆಂದು ತಿಳಿದುಬಂತು. ರಾಂಟಾ ಅವರ ಧ್ವನಿತಂತುಗಳ ಮೇಲೆ ಗಂಟುಗಳಿದ್ದವು. ಜನವರಿ ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು, ಬಹಳ ವಾರಗಳ ಕಾಲ ಗಟ್ಟಿಯಾಗಿ ಓದಬಾರದು ಎಂದು ಡಾಕ್ಟರ್ ಹೇಳಿದರು. ಮೂವತ್ತಕ್ಕೂ ಹೆಚ್ಚು ವರ್ಷ ಬೇರೆಯವರ ವಾಕ್ಯಗಳನ್ನು ಹೊತ್ತು ಸವೆದ ಗಂಟಲು ಅದು. ಅವರು ಕಮ್ಮಟ ನಿಲ್ಲಿಸಲಿಲ್ಲ. ಬ್ರೆಡ್ ಹಿಡಿದು ಬಂದು, ಮಕ್ಕಳ ಸ್ಲೇಟಿನ ಮೇಲೆ ಬರೆದು ತೋರಿಸಿ ನಡೆಸಿದರು. ಓದಲು ಆರ್ವಿಲ್ ಮುಂದೆ ಬಂದರು. ಅವರದು ಇಗರ್ಜಿಯ ಆರ್ಗನ್ನಿನಂಥ ಕಂಠ. ಟಿಯರ್ನಿಯ ಕಥೆಯನ್ನು ಅವರು ಓದಿದಾಗ ನಮ್ಮಲ್ಲಿ ಇಬ್ಬರು ಕಣ್ಣೊರೆಸಿಕೊಂಡರು, ಟಿಯರ್ನಿಯೂ ಸೇರಿ. ರಾಂಟಾ ಅವರು ಸ್ಲೇಟು ಎತ್ತಿದರು. ಅದರಲ್ಲಿ ಹೀಗಿತ್ತು: ಇವನು ಓದಿದರೆ ಬಸ್ಸಿನ ವೇಳಾಪಟ್ಟಿಗೂ ಅಳು ಬರುತ್ತದೆ. ಇವನು ಬೇಡ.

"ಹೊಗಳಿದ್ದೋ ಬೈದಿದ್ದೋ, ಐಲಾ?" ಎಂದು ಆರ್ವಿಲ್ ಕೇಳಿದರು.

ಅವರು ಸ್ಲೇಟು ಒರೆಸಿ ಬರೆದರು: ಎರಡೂ. ಅಂದಿನಿಂದ, ಆ ಕೋಣೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ, ಬರೆದವರೇ ತಮ್ಮ ಕಥೆ ಓದಬೇಕು ಎಂದಾಯಿತು.

ನನ್ನ ಸರದಿ ಬಂದದ್ದು ಏಪ್ರಿಲ್ ಕೊನೆಯ ಬುಧವಾರ. ಅದು ಅವರ ಕೊನೆಯ ಕಮ್ಮಟವೂ ಹೌದು. ಕೊಲ್ಲಿಯಲ್ಲಿ ಮಂಜುಗಡ್ಡೆ ಇನ್ನೂ ಒಡೆದಿರಲಿಲ್ಲ. ರಾಂಟಾ ಅವರಿಗೆ ಆ ಹೊತ್ತಿಗೆ ಪಿಸುಮಾತು ಆಡಲು ಅನುಮತಿ ಸಿಕ್ಕಿತ್ತು. ಅವರು ಮೇಜಿನ ತುದಿಯಲ್ಲಿ, ಯಾವಾಗಲೂ ಬರೆದವರು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ನಾನು ಓದತೊಡಗಿದೆ. ಊಟದ ಮೇಜು. ಅಮ್ಮನ ಪಾಳಿ ಮುಗಿದ ಸಂಜೆ. ಚಮಚಗಳ ಲೆಕ್ಕ. ಆ ದಿನ ಒಂದು ಚಮಚ ಕಡಿಮೆ ಬರುತ್ತದೆ. ಅಮ್ಮ ಮತ್ತೆ ಎಣಿಸುತ್ತಾಳೆ. ಅಪ್ಪ ತನ್ನ ಕೈಗಳನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ತೆರೆದಿಡುತ್ತಾನೆ. ಅದನ್ನು ನೋಡಿ ಮಕ್ಕಳೂ ತೆರೆದಿಡುತ್ತಾರೆ. ಯಾರೂ ಏಳುವುದಿಲ್ಲ.

ಅಲ್ಲಿಂದ ಮುಂದೆ ಒಂದು ಪ್ಯಾರಾ ಇತ್ತು. ಅದನ್ನು ನಾನು ಬಹಳ ತಿದ್ದಿ ತೀಡಿದ್ದೆ: ಅಮ್ಮ ಕಿಟಕಿಯ ಬಳಿ ಹೋಗಿ ಹೆಪ್ಪುಗಟ್ಟಿದ ಸರೋವರವನ್ನು ನೋಡುವುದು, ಒಳಗೆ ಯಾರು ಹೊರಗೆ ಯಾರು ಎಂಬ ಯೋಚನೆ. ಅದರ ಮೊದಲ ವಾಕ್ಯ ಓದಿದೆ. ಎರಡನೆಯದು ಬಾಯಿಂದ ಹೊರಡಲಿಲ್ಲ. ಬೇರೆಯವರ ದನಿಯಲ್ಲಿ ಕೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇನೋ. ನನ್ನದೇ ನಾಲಿಗೆ ಆ ಕಿಟಕಿಯ ಬಳಿಗೆ ಹೋಗಲು ಒಪ್ಪಲಿಲ್ಲ. ಅಮ್ಮ ಎಂದೂ ಆ ಕಿಟಕಿಗೆ ಹೋದವರಲ್ಲ. ಆ ಪ್ಯಾರಾದಲ್ಲಿ ನಾನು ಅವರನ್ನು ಪಾಪ ಅನ್ನಿಸಿದ್ದೆ. ಹಾಳೆಗಳನ್ನು ಮಗುಚಿ ಮೇಜಿನ ಮೇಲಿಟ್ಟೆ.

"ಇಲ್ಲಿ ನಾನು ಇಳಿದೆ," ಎಂದೆ.

ಕೊನೆಯವರೆಗೆ ಓದಿಸುವ ಪಣ ತೊಟ್ಟಿದ್ದವನು ತಾನೇ ನಡುವೆ ನಿಲ್ಲಿಸಿದ್ದೆ. ರಾಂಟಾ ಅವರು ಕಣ್ಣು ತೆರೆಯಲಿಲ್ಲ. ಅವರ ಪಿಸುಮಾತು ಕೇಳಲು ನಾವೆಲ್ಲ ಮುಂದಕ್ಕೆ ಬಾಗಬೇಕಾಯಿತು.

"ನಾನು ಒಂದು ವಾಕ್ಯ ಮೊದ್ಲೇ ಇಳಿದೆ," ಎಂದರು. "ಯಾರೂ ಏಳಲ್ಲ ಅಂದ್ಯಲ್ಲ, ಅಲ್ಲಿ. ಬೇಜಾರಾಗಿ ಇಳಿದಿದ್ದಲ್ಲ. ಮನೆ ಬಂತು."

ಆ ಕೋಣೆಯಲ್ಲಿ ಇಳಿಯುವುದು ಎಂಬ ಪದಕ್ಕೆ ಇನ್ನೊಂದು ಮುಖವಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಿಂದ ಮಕ್ಕಳು ಇಳಿಯುವುದು ಹೆಚ್ಚಾಗಿ ಮನೆ ಬಂದದ್ದರಿಂದಲೇ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಎಷ್ಟೋ ವರ್ಷಗಳಿಂದ ಅವರು ಪ್ರತಿ ಕಥೆಯಲ್ಲೂ ಅದಕ್ಕಾಗಿಯೇ ಕಾಯುತ್ತ ಕೂತಿದ್ದರು. ಟಿಯರ್ನಿ ಬ್ರೆಡ್ ಹಂಚಿದಳು. ಸಂಜೆಯೊಳಗೆ ಆ ಪ್ಯಾರಾ ತೆಗೆದುಹಾಕಿದೆ. ಮರುದಿನ ಇಬ್ಬರೂ ಸಹಿ ಹಾಕಿದರು.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಬುಧವಾರ ಕಮ್ಮಟ ಮುಗಿದ ಮೇಲೆ ಅವರು ಮತ್ತೆ, "ಕಾರ್ ತನಕ ಬಾ," ಎಂದರು. ಈ ಬಾರಿ ಪಕ್ಕದ ಸೀಟಿನ ಬಾಗಿಲು ತೆರೆದು ಕೂರಲು ಹೇಳಿದರು. ಹೀಟರ್ ಹಾಕಿ, ಹಿಂದಿನ ಸೀಟಿನಿಂದ ಹಾಳೆಗಳ ಕಟ್ಟೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ಒಂದು ಕಾದಂಬರಿ. ಅವರ ಕೈಬರಹ. ಇಷ್ಟು ವರ್ಷ ಪ್ರತಿ ಬುಧವಾರ, ನಮ್ಮ ಕಥೆಗಳನ್ನು ಓದಲು ಮೇಲೆ ಬರುವ ಮೊದಲು, ಅವರು ಆ ಕಾರಿನಲ್ಲಿ ಕೂತು ತಮ್ಮ ಪುಟಗಳನ್ನು ತಮಗೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಪ್ರಾರ್ಥನೆಯೂ ಅಲ್ಲ, ಹಾಡೂ ಅಲ್ಲ, ತಂಗಿಯೊಂದಿಗೆ ಜಗಳವೂ ಅಲ್ಲ. ಇಳಿದ ಕಡೆ ನಿಲ್ಲಿಸಿ, ಹಾಳೆ ಮಗುಚಿಟ್ಟು, ಮೇಲೆ ಬರುತ್ತಿದ್ದರು. ನಮಗೆ ಮಾಡಿದ್ದನ್ನು ಮೊದಲು ತಮಗೆ ಮಾಡಿಕೊಂಡೇ ಬರುತ್ತಿದ್ದರು. ಎರಡನೆಯ ಪುಸ್ತಕ ಯಾಕೆ ಬರಲಿಲ್ಲವೆಂದು ಈ ಸಂಪುಟದಲ್ಲಿ ಕೆಲವರು ವಿಷಾದದಿಂದ ಕೇಳಿದ್ದಾರೆ. ಉತ್ತರ ಲೈಬ್ರರಿಯ ಹಿಂದೆ, ಎಲ್ಲರ ಕಣ್ಣೆದುರಿಗೇ ನಿಂತಿರುತ್ತಿತ್ತು.

"ಈಗ ನಂಗೆ ಓದ್ಕೊಳ್ಳೋಕೆ ಆಗಲ್ಲ," ಎಂದು ಪಿಸುಗುಟ್ಟಿದರು. "ಓದು. ಇಳೀಬೇಕು ಅನ್ಸಿದ ಕಡೆ ಇಳಿ. ಮುಲಾಜು ನೋಡ್ಬೇಡ."

ಓದಿದೆ. ಏರಿಳಿತವಿಲ್ಲದೆ, ಅವರು ಓದುತ್ತಿದ್ದ ಹಾಗೆ. ಅದು ಯಾವುದರ ಬಗ್ಗೆ ಎಂದು ನಾನು ಹೇಳುವಂತಿಲ್ಲ. ಎರಡನೆಯ ಪುಟದ ನಡುವೆ ಒಂದು ಕಡೆ ನನ್ನ ದನಿ ತಡವರಿಸಿತು. ನಿಲ್ಲಿಸಲು ಧೈರ್ಯ ಬರದೆ ಮುಂದಕ್ಕೆ ಓದಿದೆ. ಅವರು ನನ್ನ ಮೊಣಕೈ ಮುಟ್ಟಿದರು.

"ಎಲ್ಲಿ?"

ಬೆರಳಿಟ್ಟು ತೋರಿಸಿದೆ. ಅವರು ಬಾಗಿ ನೋಡಿ, ಬಹಳ ಹೊತ್ತು ಸದ್ದಿಲ್ಲದೆ ನಕ್ಕರು. "ಹಾಳಾದ್ದು, ಎಷ್ಟು ವರ್ಷದಿಂದ ನಂಗೂ ಅಲ್ಲೇ ಅನುಮಾನ," ಎಂದು ಪೆನ್ಸಿಲ್ ತೆಗೆದರು. ಮುಂದಿನ ಬುಧವಾರ ಆ ಪುಟವನ್ನು ಹೊಸದಾಗಿ ಬರೆದು ತಂದರು. ಕಮ್ಮಟ ಮುಗಿದಿದ್ದರೂ ನಾವಿಬ್ಬರೂ ಲೈಬ್ರರಿಯ ಹಿಂದೆ ಆ ಕಾರಿನಲ್ಲಿ ಕೂರುತ್ತಿದ್ದೇವೆ. ಬ್ರೆಡ್ಡಿನ ಹೋಳು ಅದೇ ಅಳತೆಯದು. ಮೇಲಿನ ಕಿಟಕಿಯಿಂದ ನೋಡುವವರಿಗೆ ಈಗ ನನ್ನ ತುಟಿಗಳು ಅಲುಗುವುದು ಕಾಣುತ್ತಿರಬೇಕು.

ಇದನ್ನು ಬರೆಯಬಹುದೇ ಎಂದು ಅವರನ್ನೇ ಕೇಳಿದೆ. "ನಿಮ್ಮಮ್ಮನ ಷರತ್ತೇ ನಂದೂ," ಎಂದರು. ಆ ಷರತ್ತನ್ನು ನಡೆಸಿದ್ದೇನೆ ಎಂದು ನಂಬಿದ್ದೇನೆ. ಪಾಪ ಅನ್ನಿಸುವಂಥದ್ದು ಅವರಲ್ಲಿ ಏನೂ ಇಲ್ಲ. ನೂರಾರು ಹುಡುಗರ ಅರೆಬೆಂದ ವಾಕ್ಯಗಳನ್ನು ತಮ್ಮ ಗಂಟಲಿನ ಮೂಲಕ ಹಾಯಿಸಿ, ಒಂದೊಂದರಲ್ಲೂ ಮನೆ ಬರಬಹುದೆಂದು ಕಾದ ಒಬ್ಬ ಹೆಂಗಸು, ತಮ್ಮ ಮನೆಯನ್ನು ಇನ್ನೂ ಹುಡುಕುತ್ತಿದ್ದಾರೆ. ಅದನ್ನು ಪಕ್ಕದಲ್ಲಿ ಕೂತು ನೋಡುವ ಬೆರಗಿಗೆ ನನ್ನ ಬಳಿ ಸರಿಯಾದ ಮಾತಿಲ್ಲ. ಹೋಲಿಕೆ ಕೊಟ್ಟರೆ ಅವರು ಇಳಿಯುತ್ತಾರೆ.

ವಿದಾಯದ ಊಟದಲ್ಲಿ ಈ ಸಂಪುಟ ಅವರ ಕೈ ಸೇರುತ್ತದೆ. ನಮ್ಮ ಲೇಖನಗಳಲ್ಲಿ ಅವರು ಎಲ್ಲೆಲ್ಲಿ ಇಳಿದರೆಂದು ತಿಳಿಯಲು ಬರೆದವರೆಲ್ಲ ಅವರ ಮುಖ ನೋಡುತ್ತ ಕೂತಿರುತ್ತೇವೆ. ಶರತ್ಕಾಲದ ಹೊತ್ತಿಗೆ ಅವರ ದನಿ ಮರಳುತ್ತದೆ ಎಂದು ಡಾಕ್ಟರ್ ಹೇಳಿದ್ದಾರಂತೆ. ಅದು ಬೇಗ ಮರಳಲಿ ಎಂದು ಎಲ್ಲರೂ ಹಾರೈಸುತ್ತಿದ್ದಾರೆ. ನನ್ನ ಹಾರೈಕೆಯೂ ಅದೇ, ಆದರೆ ಕೊಂಚ ನಿಧಾನವಾದರೂ ನನಗೆ ಬೇಸರವಿಲ್ಲ. ಪ್ರೊಫೆಸರ್ ಐಲಾ ರಾಂಟಾ ಅವರು ಬಹಳ ಕಾಲ ಬಾಳಬೇಕು, ಪ್ರತಿ ಬೆಳಿಗ್ಗೆ ಬರೆಯಬೇಕು. ಶಿಷ್ಟಾಚಾರಕ್ಕೆ ಹೇಳುತ್ತಿರುವ ಮಾತಲ್ಲ ಇದು, ನನ್ನ ಸ್ವಾರ್ಥ. ಹಾಳೆಗಳ ಕಟ್ಟು ಇನ್ನೂ ದಪ್ಪಗಿದೆ, ಕಾರು ಬೆಚ್ಚಗಿದೆ, ಆ ಹೊಸ ಪುಟ ಬಂದಲ್ಲಿಂದ ನಾನು ಇನ್ನೂ ಇಳಿದಿಲ್ಲ.